ಬ್ರೆಡ್ಡಿನ ತುದಿ

ನಮ್ಮ ಕಡಲ ದಡದ ಊರಿನಲ್ಲಿ ಮಕ್ಕಳು ಮಲಗುವ ಮುಂಚೆ ಹಣೆ ಒಡ್ಡಿಕೊಂಡು ನಿಲ್ಲುತ್ತಾರೆ. ಅಪ್ಪನೋ ಅಮ್ಮನೋ ಬಲಗೈ ಹೆಬ್ಬೆರಳಿಂದ ಆ ಹಣೆಯ ಮೇಲೆ ಒಂದು ಪುಟ್ಟ ಶಿಲುಬೆ ಎಳೆದು, ದೇವರು ಕಾಪಾಡಲಿ ಅನ್ನುತ್ತಾರೆ. ಅಷ್ಟೇ. ಉಗುಳು ನುಂಗುವಷ್ಟು ಹೊತ್ತಿನ ಕೆಲಸ. ಆದರೆ ಅದಿಲ್ಲದೆ ಮಲಗಿದ ಮಗು ಅಗುಳಿ ಹಾಕದ ಮನೆಯ ಹಾಗೆ ಎಂದು ನಮ್ಮ ರೊಮಾನಿ ಅತ್ತೆ ಹೇಳುತ್ತಿದ್ದಳು. ಅತ್ತೆ ಎಂದರೆ ಅಪ್ಪನ ಅಕ್ಕ. ಮದುವೆಯಾಗದವಳು, ಪಕ್ಕದ ಮನೆಯವಳು, ನಮ್ಮ ಮನೆಯ ಮಾತನ್ನೂ ತಾನೇ ಆಡಿ ಮುಗಿಸುತ್ತಿದ್ದವಳು.

ಎಂಟು ವರ್ಷದವರೆಗೆ ನನ್ನ ಹಣೆಯ ಮೇಲೂ ಅಪ್ಪನ ಹೆಬ್ಬೆರಳು ಓಡಾಡುತ್ತಿತ್ತು. ಅಪ್ಪನ ಹೆಸರು ಮೆಡಾರ್. ಕಡಲು ಇಳಿದಾಗ ಕುದುರೆಯನ್ನು ಎದೆಮಟ್ಟದ ನೀರಿಗೆ ಇಳಿಸಿ, ಅದರ ಹಿಂದೆ ಬಲೆ ಕಟ್ಟಿ, ದಡದ ಉದ್ದಕ್ಕೂ ನಡೆಸುತ್ತ ಸೀಗಡಿ ಹಿಡಿಯುವುದು ಅವನ ಕಸುಬು. ಹೆಬ್ಬೆರಳು ಹಗ್ಗ ಉಜ್ಜಿ ಉಜ್ಜಿ ಒರಟಾಗಿತ್ತು. ಶಿಲುಬೆ ಎಳೆದರೆ ಹಣೆ ಸ್ವಲ್ಪ ಉರಿಯುತ್ತಿತ್ತು. ಆ ಉರಿಯಲ್ಲೇ ನನಗೆ ನಿದ್ದೆ ಬರುತ್ತಿತ್ತು.

ಆಮೇಲೆ ನಮ್ಮಣ್ಣ ಕಮೀಲ್ ಐಸ್‌ಲ್ಯಾಂಡ್ ಕಡೆಗೆ ಮೀನಿಗೆ ಹೋಗುವ ದೋಣಿ ಹತ್ತಿದ. ಬೆಳಗಿನ ಜಾವ ಹೊರಟ, ನಾನಿನ್ನೂ ಹಾಸಿಗೆಯಲ್ಲಿದ್ದೆ. ಬಾಗಿಲಲ್ಲಿ ಅಪ್ಪ ಅವನ ಹಣೆಗೆ ಶಿಲುಬೆ ಹಾಕಿ ಕಳಿಸಿದ. ದೋಣಿ ಹಿಂದಿರುಗಲಿಲ್ಲ. ಅದರ ಹಲಗೆ ಚೂರೂ ಸಿಗಲಿಲ್ಲ.

ಅಂದಿನಿಂದ ಅಪ್ಪ ನನಗೆ ಶಿಲುಬೆ ಹಾಕುವುದನ್ನು ನಿಲ್ಲಿಸಿಬಿಟ್ಟ. ಮೊದಮೊದಲು ದುಃಖವಿರಬೇಕು ಎಂದುಕೊಂಡು ನಾನು ಅವನ ಕುರ್ಚಿಯ ಪಕ್ಕ ಹಣೆ ಎತ್ತಿಕೊಂಡು ಸುಮ್ಮನೆ ನಿಲ್ಲುತ್ತಿದ್ದೆ. ಅವನು ಮುಖ ತಿರುಗಿಸುತ್ತಿದ್ದ.

"ಅಮ್ಮನ ಹತ್ರ ಹೋಗು."

"ಅಮ್ಮ ಆಗಲೇ ಹಾಕಿದ್ಳು."

"ಹಾಗಾದ್ರೆ ಹೋಗಿ ಮಲ್ಕೊ, ಇರ್ಮಾ."

ಎದ್ದು ಕುದುರೆಲಾಯಕ್ಕೆ ಹೋಗಿಬಿಡುತ್ತಿದ್ದ. ನನಗೆ ಅವನ ಬೆನ್ನು ಕಾಣುತ್ತಿತ್ತು. ಅಮ್ಮನ ಕೈ ಮೆತ್ತಗಿನ ಕೈ, ಅದರಲ್ಲಿ ತಪ್ಪಿಲ್ಲ. ಆದರೆ ಹಸಿದವನಿಗೆ ನೀರು ಕೊಟ್ಟರೆ ಹೊಟ್ಟೆ ತುಂಬುತ್ತದೆಯೇ? ನನಗೆ ಬೇಕಾಗಿದ್ದದ್ದು ಆ ಒರಟು ಹೆಬ್ಬೆರಳು.

ದೇವರ ಮೇಲೆ ಕೋಪ ಮಾಡಿಕೊಂಡ ಮನುಷ್ಯನೂ ಅಲ್ಲ ಅವನು. ಭಾನುವಾರ ಚರ್ಚು ತಪ್ಪಿಸುತ್ತಿರಲಿಲ್ಲ. ನೀರಿಗಿಳಿಯುವ ಮುಂಚೆ ನಮ್ಮ ಕುದುರೆ ಬೆರ್ತಾಳ ಹಣೆಗೆ ಲಗಾಮಿನ ತುದಿಯಿಂದ ಶಿಲುಬೆ ಎಳೆಯುತ್ತಿದ್ದ. ಊಟದ ಮೇಜಿನಲ್ಲಿ ಹೊಸ ಬ್ರೆಡ್ಡು ಕತ್ತರಿಸುವ ಮುಂಚೆ ಅದನ್ನು ಮಗುಚಿ, ಅಡಿಯ ಮೇಲೆ ಚಾಕುವಿನ ಮೊನೆಯಿಂದ ಶಿಲುಬೆ ಗೀಚುತ್ತಿದ್ದ. ಅದು ನಮ್ಮಲ್ಲಿ ಎಲ್ಲ ಮನೆಯ ಯಜಮಾನರೂ ಮಾಡುವುದೇ. ಯಾರೂ ತಿರುಗಿ ಕೂಡ ನೋಡುವುದಿಲ್ಲ. ನಾನು ಮಾತ್ರ ಮೇಜಿನ ಆಚೆಯಿಂದ ಅವನ ಕೈ ಆಡುವುದನ್ನು ನೋಡುತ್ತಿದ್ದೆ, ಹೊಟ್ಟೆ ಉರಿದುಕೊಂಡು. ಕುದುರೆಗುಂಟು, ಬ್ರೆಡ್ಡಿಗುಂಟು, ಮಗಳಿಗಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ನಾನು ಆ ಹೆಗ್ಗಣಕ್ಕಿಂತಲೂ ಕಡೆಯಾದೆನೇ ಎಂದುಕೊಳ್ಳುತ್ತಿದ್ದೆ.

ಗಾಯಕ್ಕೆ ಉಪ್ಪು ಸವರಿದ ಹಾಗೆ ಇನ್ನೊಂದು ಪದ್ಧತಿ ಶುರುವಾಯಿತು. ಹೊಸ ಬ್ರೆಡ್ಡಿನ ಮೊದಲ ತುಂಡು, ಆ ಗಟ್ಟಿ ತುದಿ, ನನ್ನ ತಟ್ಟೆಗೆ ಬೀಳತೊಡಗಿತು. ಒಳಗಿನ ಮೆತ್ತಗಿನ ಹೋಳು ಅಮ್ಮನಿಗೆ, ಅತ್ತೆಗೆ, ಬಂದ ನೆಂಟರಿಗೆ. ತುದಿ ನನಗೆ. ನನ್ನ ಹಾಲುಹಲ್ಲು ಬಿದ್ದು ಬಾಯಿ ಬೋಳಾಗಿದ್ದ ಕಾಲ ಅದು.

"ಮಗೂಗೆ ಒಳಗಿನ ಮೆತ್ತಗಿರೋದು ಕೊಡಿ," ಎಂದು ಅಮ್ಮ ಗೊಣಗಿದಳು.

"ಅವಳಿಗೆ ತುದಿ," ಎಂದ ಅಪ್ಪ.

ಅದರ ಮೇಲೆ ಮಾತಿಲ್ಲ. ಅಮ್ಮ ಅದಕ್ಕೆ ದಪ್ಪಗೆ ಬೆಣ್ಣೆ ಹಚ್ಚಿ ಮುಂದಿಡುತ್ತಿದ್ದಳು. ನಾನು ಹಾಲು ಹಾಕಿದ ಕಾಫಿಯಲ್ಲಿ ಅದ್ದಿ ಅದ್ದಿ, ಅಳುತ್ತಾ ತಿನ್ನುತ್ತಿದ್ದೆ. ಕಮೀಲ್ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎನ್ನಿಸುತ್ತಿತ್ತು. ಹೋದ ಮಗನೇ ಬೇಕಾದವನು, ಉಳಿದ ಮಗಳು ಬ್ರೆಡ್ಡಿನ ತುದಿಗೆ ಸಾಕು.

ಚರ್ಚಿನಲ್ಲಿ ಪಾದ್ರಿಗಳು ದೇವರನ್ನು ತಂದೆ ಎನ್ನುತ್ತಿದ್ದರು. ತಂದೆ ತನ್ನ ಮಕ್ಕಳನ್ನು ಕಣ್ಣರೆಪ್ಪೆಯ ಹಾಗೆ ಕಾಯುತ್ತಾನೆ, ನೀವು ಕೇಳುವ ಮುಂಚೆಯೇ ಅವನಿಗೆ ಗೊತ್ತಿರುತ್ತದೆ ಎಂದು ಪೀಠದಿಂದ ಹೇಳುವಾಗ ಸುತ್ತಲಿನ ಹೆಂಗಸರು ತಲೆಯಾಡಿಸುತ್ತಿದ್ದರು. ನಾನು ಪ್ರಾರ್ಥನೆಯ ಮೊದಲ ಪದದಲ್ಲೇ ನಿಂತುಬಿಡುತ್ತಿದ್ದೆ. ತಂದೆಯೇ ಅಂದಕೂಡಲೇ ಕುದುರೆಲಾಯದ ಕಡೆ ಹೋಗುತ್ತಿರುವ ಒಂದು ಬೆನ್ನು ಕಣ್ಣ ಮುಂದೆ ಬರುತ್ತಿತ್ತು. ಬೆನ್ನಿಗೆ ಯಾರಾದರೂ ಏನೆಂದು ಬೇಡಿಕೊಳ್ಳುವುದು? ತುಟಿ ಆಡಿಸಿ ಮುಗಿಸುತ್ತಿದ್ದೆ.

ಯುದ್ಧ ಬಂದು ಹೋಯಿತು. ನಾನು ಬೆಳೆದೆ. ಗಾರೆ ಕೆಲಸದ ಒಡಿಲೊನ್ ನನ್ನನ್ನು ಕೇಳಿದ, ನಾನು ಹೂಂ ಅಂದೆ. ನಮ್ಮಲ್ಲಿ ಮದುವೆಯ ಬೆಳಿಗ್ಗೆ ಮಗಳು ಚರ್ಚಿಗೆ ಹೊರಡುವ ಮುಂಚೆ ಅಪ್ಪ ಅಮ್ಮನ ಮುಂದೆ ಮಂಡಿಯೂರುತ್ತಾಳೆ, ಇಬ್ಬರೂ ಅವಳ ಹಣೆಗೆ ಶಿಲುಬೆ ಹಾಕಿ ಕಳಿಸುತ್ತಾರೆ. ಅವತ್ತು ತಪ್ಪಿಸಿಕೊಳ್ಳಲು ಅಪ್ಪನಿಗೆ ದಾರಿ ಇಲ್ಲ ಎಂದು ನಾನು ಲೆಕ್ಕ ಹಾಕಿದ್ದೆ. ನಿಜ ಹೇಳಬೇಕೆಂದರೆ, ಒಡಿಲೊನ್‌ಗಿಂತ ಹೆಚ್ಚಾಗಿ ಆ ಶಿಲುಬೆಗೇ ನಾನು ಕಾಯುತ್ತಿದ್ದೆ. ಒಡಿಲೊನ್‌ಗೆ ಇದು ಗೊತ್ತು, ನಕ್ಕುಬಿಡುತ್ತಾನೆ.

ಬಿಳಿ ಉಡುಪು ಹಾಕಿಕೊಂಡು ಅಡುಗೆಮನೆಗೆ ಬಂದೆ. ಅಪ್ಪನ ಕುರ್ಚಿ ಖಾಲಿ.

"ಸೀಗಡಿಗೆ ಹೋದ್ರು," ಎಂದಳು ಅಮ್ಮ, ನನ್ನ ಕಣ್ಣು ತಪ್ಪಿಸಿ.

"ಸೀಗಡಿಗಾ?" ಎಂದಳು ರೊಮಾನಿ ಅತ್ತೆ. "ಕಡಲು ದಿಬ್ಬದ ತನಕ ತುಂಬಿಕೊಂಡಿದೆ. ಯಾವ ಸೀಗಡಿ ಇವನಿಗೆ ಕಾಯ್ತಾ ಕೂತಿದೆಯೋ."

ಆಮೇಲೆ ತಿಳಿಯಿತು. ಭರತದ ಹೊತ್ತಿನಲ್ಲಿ, ಯಾವ ಹುಚ್ಚನೂ ಬಲೆ ಹಾಕದ ಹೊತ್ತಿನಲ್ಲಿ, ಅಪ್ಪ ಬೆರ್ತಾಳನ್ನು ನೀರಿನ ಅಂಚಿನಲ್ಲಿ ನಿಲ್ಲಿಸಿಕೊಂಡು, ಚರ್ಚಿನ ಗಂಟೆ ಹೊಡೆಯುವವರೆಗೂ ಸುಮ್ಮನೆ ನಿಂತಿದ್ದನಂತೆ. ಚರ್ಚಿಗೆ ಬಂದ, ಕಾಲು ಒದ್ದೆಯಾಗಿತ್ತು. ನನ್ನ ಕೈ ಹಿಡಿದು ಒಳಗೆ ನಡೆಸಿದ. ಹಣೆಯ ಹತ್ತಿರ ಕೈ ತರಲಿಲ್ಲ.

ನಾನು ಎರಡು ಓಣಿ ಆಚೆಯ ಮನೆಯಲ್ಲಿ ಸಂಸಾರ ಹೂಡಿದೆ. ಅಲ್ಲಿಗೂ ಆ ತುದಿ ನನ್ನನ್ನು ಅಟ್ಟಿಸಿಕೊಂಡು ಬಂತು. ಶನಿವಾರ ಅಪ್ಪನ ಮನೆಯಲ್ಲಿ ಹೊಸ ಬ್ರೆಡ್ಡು. ಸಂಜೆಯೊಳಗೆ ನನ್ನ ಬಾಗಿಲ ಹಿಡಿಗೆ ಬಟ್ಟೆಯ ಗಂಟೊಂದು ನೇತಾಡುತ್ತಿರುತ್ತಿತ್ತು. ಬಿಚ್ಚಿದರೆ ಬೇಯಿಸಿದ ಸೀಗಡಿ, ಅದರ ಜೊತೆ ಬ್ರೆಡ್ಡಿನ ತುದಿ. ಬಾಗಿಲು ತಟ್ಟಿ ಒಳಗೆ ಬರುವ ಪೈಕಿ ಅಲ್ಲ ಅವನು, ತಗಲಿಸಿ ಹೋಗಿಬಿಡುತ್ತಿದ್ದ. ಸೀಗಡಿ ನಾವು ತಿನ್ನುತ್ತಿದ್ದೆವು. ತುದಿಯನ್ನು ನೀರಲ್ಲಿ ನೆನೆಸಿ ನಾನು ಕೋಳಿಗಳಿಗೆ ಹಾಕುತ್ತಿದ್ದೆ. ನನ್ನ ಕೋಳಿಗಳಷ್ಟು ಪುಷ್ಟವಾದ ಕೋಳಿ ಊರಲ್ಲೇ ಇರಲಿಲ್ಲ.

ಅಮ್ಮ ತೀರಿಹೋದಳು. ಆಮೇಲೆ ನನ್ನ ಹಣೆಗೆ ಯಾವ ಕೈಯೂ ಉಳಿಯಲಿಲ್ಲ. ಅದೇ ವರ್ಷ ನನ್ನ ಮೊದಲ ಮಗು ಹೊಟ್ಟೆಯಲ್ಲೇ ಹೋಯಿತು. ಎರಡನೆಯದೂ ಹಾಗೇ. ಮೂರನೆಯ ಸಲ ಬಸುರಿಯಾದಾಗ ಡಾಕ್ಟರು ಹೆರಿಗೆಗೆ ತಿಂಗಳಿರುವಾಗಲೇ ಪಟ್ಟಣದ ಆಸ್ಪತ್ರೆಗೆ ಬಂದು ಮಲಗಿರಬೇಕು ಎಂದರು. ಭಯ ಎಂದರೆ ಏನೆಂದು ನನಗೆ ಆಗ ಗೊತ್ತಾಯಿತು. ಪಾತ್ರೆ ತೊಳೆಯುತ್ತ ಇದ್ದಕ್ಕಿದ್ದಂತೆ ಕೈ ನಿಂತುಬಿಡುತ್ತಿತ್ತು, ಹೊಟ್ಟೆಯೊಳಗೆ ಮಗು ಒದೆಯುವವರೆಗೂ ಉಸಿರು ಬಿಡುತ್ತಿರಲಿಲ್ಲ. ಅಪ್ಪನ ಶಿಲುಬೆ ಇಲ್ಲದೆ ಈ ಮಗು ಉಳಿಯುವುದಿಲ್ಲ ಎಂದು ಯಾಕೋ ಮನಸ್ಸಿಗೆ ಗಟ್ಟಿಯಾಗಿ ಕೂತುಬಿಟ್ಟಿತು.

ಹೊರಡುವ ಹಿಂದಿನ ದಿನ ಮಧ್ಯಾಹ್ನ, ಕಡಲು ಇಳಿಯುವ ಹೊತ್ತಿಗೆ, ಮರಳದಿಬ್ಬ ಹತ್ತಿ ಇಳಿದು ದಡಕ್ಕೆ ಹೋದೆ. ಅಪ್ಪ ನೀರು ತಡೆಯುವ ಹಳದಿ ಎಣ್ಣೆಬಟ್ಟೆ ತೊಟ್ಟು ಬೆರ್ತಾಳ ಎರಡೂ ಪಕ್ಕಕ್ಕೆ ಬುಟ್ಟಿ ಕಟ್ಟುತ್ತಿದ್ದ.

"ಈ ಹೊಟ್ಟೆ ಹೊತ್ಕೊಂಡು ಯಾಕೆ ಬಂದೆ? ಮರಳು ಜಾರುತ್ತೆ," ಎಂದ.

"ನಾಳೆ ಆಸ್ಪತ್ರೆಗೆ ಹೋಗ್ತೀನಿ."

"ಗೊತ್ತು. ಒಡಿಲೊನ್ ಹೇಳಿದ."

"ಒಂದು ಶಿಲುಬೆ ಹಾಕಪ್ಪಾ. ಒಂದೇ ಒಂದು. ನನಗೆ ಭಯ ಆಗ್ತಿದೆ."

ಅವನು ಗಂಟು ಹಾಕಿದ್ದ ಹಗ್ಗವನ್ನೇ ಬಿಚ್ಚಿ ಮತ್ತೆ ಗಂಟು ಹಾಕಿದ.

"ಪಾದ್ರಿಗಳ ಹತ್ರ ಹೋಗು. ಅವರ ಕೈ ಒಳ್ಳೇದು."

"ಪಾದ್ರಿಗಳ ಕೈ ತಗೊಂಡು ನಾನೇನು ಮಾಡ್ಲಿ? ನಿನ್ನ ಕೈ ಬೇಕು."

"ನನ್ನ ಕೈ ಬೇಡ ಮಗಳೇ."

ಮಗಳೇ ಎಂದು ಅವನು ಕರೆದು ವರ್ಷಗಳಾಗಿದ್ದವು. ಆದರೆ ನನಗೆ ಕೇಳಿಸಿದ್ದು ಬೇಡ ಅನ್ನುವುದೊಂದೇ.

"ಕುದುರೆಗೆ ಹಾಕ್ತೀಯ, ಬ್ರೆಡ್ಡಿಗೆ ಹಾಕ್ತೀಯ," ಎಂದೆ. "ಕಡಲಲ್ಲಿ ಹೋದವನು ಕಮೀಲ್ ಅಪ್ಪಾ. ನಾನಲ್ಲ. ನಾನು ಇಲ್ಲೇ ನಿಂತಿದೀನಿ. ಅವತ್ತಿಂದ ಇಲ್ಲೇ ನಿಂತಿದೀನಿ, ನೀನು ನನ್ನ ಕಡೆ ನೋಡೇ ಇಲ್ಲ."

ಅವನ ಮುಖ ಸುಣ್ಣದ ಹಾಗಾಯಿತು. ಅವನು ಲಗಾಮಿನ ತುದಿಯಿಂದ ಬೆರ್ತಾಳ ಹಣೆಗೆ ಶಿಲುಬೆ ಎಳೆದು, ಹತ್ತಿ ಕುಳಿತು, ಕುದುರೆಯನ್ನು ನೀರಿಗೆ ತಿರುಗಿಸಿದ. ಮತ್ತೆ ಅದೇ ಬೆನ್ನು. ನಾನು ಮರಳಲ್ಲಿ ಕೂತು ಗಟ್ಟಿಯಾಗಿ ಅತ್ತೆ. ಕೇಳುವವರು ಯಾರೂ ಇರಲಿಲ್ಲ, ಕಡಲಹಕ್ಕಿಗಳಿದ್ದವು.

ಆಸ್ಪತ್ರೆಯಲ್ಲಿ ಮಲಗಿಯೇ ಇರಬೇಕೆಂದು ಕಟ್ಟಪ್ಪಣೆ. ಅಲ್ಲಿನ ಸಿಸ್ಟರುಗಳು ಒಳ್ಳೆಯವರು, ಆದರೆ ಎದ್ದರೆ ಬೈಯುತ್ತಿದ್ದರು. ಶನಿವಾರದ ಮರುದಿನ ರೊಮಾನಿ ಅತ್ತೆ ಬಸ್ಸು ಹತ್ತಿ ಬಂದಳು. ಮಡಿಲಲ್ಲಿ ಅದೇ ಬಟ್ಟೆಯ ಗಂಟು.

"ನಿಮ್ಮಪ್ಪ ಕೊಟ್ಟ. ಸೀಗಡಿ ಬಿಡಿಸಿಟ್ಟಿದಾನೆ, ನೀನು ಮಲಗಿರೋಳು ಅಂತ. ಅವನು ಸೀಗಡಿ ಸಿಪ್ಪೆ ಬಿಡಿಸಿದ್ದನ್ನ ನಾನು ಈ ಜನ್ಮದಲ್ಲಿ ನೋಡಿರ್ಲಿಲ್ಲ ಕಣೆ."

"ಅವನೇ ಯಾಕೆ ಬರಲಿಲ್ಲ?"

"ಅವನಾ? ಬಸ್ ನಿಲ್ದಾಣದ ತನಕ ಬಂದ. ಹತ್ತು ಅಂದೆ. ಗೂಟ ಹೊಡೆದ ಹಾಗೆ ನಿಂತ."

ನಾನು ಗೋಡೆಯ ಕಡೆ ಹೊರಳಿದೆ. "ಅವನಿಗೆ ನಾನು ಬೇಡ ಅತ್ತೆ. ಬೇಡ ಅಂತ ಬಾಯಿಬಿಟ್ಟೇ ಹೇಳಿದ."

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅವಳು ಸುಮ್ಮನಿರುವುದು ಅಪರೂಪವಾದ್ದರಿಂದ ನಾನು ತಿರುಗಿ ನೋಡಿದೆ. ಅಳುತ್ತಿದ್ದಳು.

"ಹೇಳಬೇಡ ಅಂದಿದ್ದ ಅವನು. ಇಷ್ಟು ದಿನ ಹೇಳ್ಲಿಲ್ಲ. ಇನ್ನು ನನ್ನ ಕೈಲಾಗಲ್ಲ," ಎಂದಳು. "ಕಮೀಲ್ ಹೊರಟ ಬೆಳಿಗ್ಗೆ ನಾನು ಬಾಗಿಲಲ್ಲೇ ಇದ್ದೆ. ಹಿಂದಿನ ದಿನ ಬಲೆ ಹಗ್ಗ ಸುತ್ಕೊಂಡು ನಿಮ್ಮಪ್ಪನ ಬಲಗೈ ಸೀಳಿಹೋಗಿತ್ತು. ಬಟ್ಟೆ ಸುತ್ತಿ ಸುತ್ತಿ ಇಷ್ಟು ದಪ್ಪ ಆಗಿತ್ತು. ಹುಡುಗ ಹಣೆ ಒಡ್ಡಿದ. ಇವನು ಎಡಗೈ ಹೆಬ್ಬೆರಳಲ್ಲಿ ಹಾಕಿಬಿಟ್ಟ. ನನ್ನ ಈ ಹಾಳು ಬಾಯಿ ಸುಮ್ಮನಿರುತ್ತಾ? ಮೆಡಾರ್, ಎಡಗೈಲಾ ಹಾಕೋದು ಅಂದೆ. ಕಮೀಲ್ ನಕ್ಕ. ದೇವರಿಗೆ ಎಡ ಬಲ ಗೊತ್ತಾಗಲ್ಲ, ಬಿಡು ಅತ್ತೆ ಅಂದ. ಚೀಲ ಹೆಗಲಿಗೆ ಹಾಕ್ಕೊಂಡು ಹೋದ."

ಮೂಗು ಒರೆಸಿಕೊಂಡು ಮುಂದುವರಿಸಿದಳು. "ಸುದ್ದಿ ಬಂದ ದಿನ ನಿಮ್ಮಪ್ಪ ನನ್ನ ಹತ್ರ ಬಂದು ಹೇಳಿದ. ನನ್ನ ಕೈಯಿಂದ ಆಗಿದ್ದು ಇದು, ಈ ಕೈ ಇನ್ನು ಇರ್ಮಾ ಹಣೆಗೆ ಮುಟ್ಟಬಾರದು, ಉಳಿದಿರೋದು ಅವಳೊಬ್ಬಳು ಅಂದ. ಬೇಡದೆ ಇರೋ ಮಗಳನ್ನ ಯಾರಾದರೂ ಇಷ್ಟು ಹೆದರಿಕೊಂಡು ಕಾಯ್ತಾರೇನೇ, ದಡ್ಡಿ?"

ಅತ್ತೆಯ ಬಸ್ಸಿಗೆ ಹೊತ್ತಾಯಿತು. ಹೋದಳು. ನಾನು ಮೇಲ್ಛಾವಣಿ ನೋಡುತ್ತ ಮಲಗಿದ್ದೆ. ಸಿಟ್ಟು ಇಳಿಯಲಿಲ್ಲ, ಜಾಗ ಬದಲಾಯಿಸಿತು ಅಷ್ಟೇ. ಇಷ್ಟನ್ನು ಹೇಳುವುದಕ್ಕೆ ಅವನಿಗೆ ನಾಲಿಗೆ ಇರಲಿಲ್ಲವೇ? ಹೇಳಿದ್ದರೆ ಎಡಗೈ ಆದರೂ ಸರಿ, ಮೊಣಕೈ ಆದರೂ ಸರಿ ಎನ್ನುತ್ತಿದ್ದೆನಲ್ಲ. ಅಷ್ಟರಲ್ಲಿ ಹಸಿವಾಯಿತು. ಬಸುರಿಗೆ ದುಃಖದಲ್ಲೂ ಹಸಿವಾಗುತ್ತದೆ. ಅಲ್ಲಿ ಕೋಳಿಗಳಿರಲಿಲ್ಲವಾದ್ದರಿಂದ ಗಂಟು ಬಿಚ್ಚಿ ಬ್ರೆಡ್ಡಿನ ತುದಿಯನ್ನು ನಾನೇ ಕೈಗೆತ್ತಿಕೊಂಡೆ.

ಹಿಡಿದಾಗ ಹೆಬ್ಬೆರಳಿಗೆ ಅಡಿಯಲ್ಲಿ ಏನೋ ಗೀರು ಸಿಕ್ಕಿತು. ಮಗುಚಿ ನೋಡಿದೆ. ಹಿಟ್ಟು ಅಂಟಿದ ಅಡಿಯ ಮೇಲೆ, ಅಂಚಿಗೆ ಒತ್ತಿಕೊಂಡ ಹಾಗೆ, ಚಾಕುವಿನ ಮೊನೆಯಿಂದ ಗೀಚಿದ ಪುಟ್ಟ ಶಿಲುಬೆ. ಹಣೆಗೆ ಹಾಕುವಷ್ಟೇ ಪುಟ್ಟದು.

ಎಲ್ಲ ಮನೆಗಳಲ್ಲೂ ಬ್ರೆಡ್ಡಿನ ಶಿಲುಬೆ ದೊಡ್ಡದು. ನಟ್ಟನಡುವೆ ಎಳೆಯುತ್ತಾರೆ, ಕತ್ತರಿಸಿದಾಗ ಎಲ್ಲರ ಪಾಲಿಗೂ ಒಂದೊಂದು ಚೂರು ಹೋಗಲಿ ಎಂದು. ನಮ್ಮಪ್ಪ ತುದಿಯಲ್ಲಿ ಗೀಚಿದ್ದ, ಇಡೀ ಶಿಲುಬೆ ಒಂದೇ ತುಂಡಿನಲ್ಲಿ ಉಳಿಯುವ ಹಾಗೆ. ಆ ತುಂಡು ನನ್ನದು. ಅವಳಿಗೆ ತುದಿ ಎಂದು ಅಷ್ಟು ಗಟ್ಟಿಯಾಗಿ ಅವನು ಹೇಳುತ್ತಿದ್ದದ್ದು ಇದಕ್ಕೆ. ತನ್ನ ಕೈ ಮುಟ್ಟಬಾರದು, ಆದರೆ ಮಗಳು ಹಾಗೇ ಮಲಗಲೂ ಬಾರದು. ಕುದುರೆಗೆ ಲಗಾಮು, ಬ್ರೆಡ್ಡಿಗೆ ಚಾಕು, ಎಲ್ಲೂ ಹೆಬ್ಬೆರಳಿಲ್ಲ. ನಾನು ಎಂಟು ವರ್ಷದವಳಿದ್ದಾಗಿನಿಂದ ಬೆಣ್ಣೆ ಹಚ್ಚಿದ ಮಗ್ಗುಲು ಮೇಲೆ ಮಾಡಿಕೊಂಡು, ಅಳುತ್ತಾ, ಶಪಿಸುತ್ತಾ ಅವನ ಆಶೀರ್ವಾದವನ್ನೇ ತಿಂದು ಬೆಳೆದಿದ್ದೆ. ಮದುವೆಯಾದ ಮೇಲೆ ನನ್ನ ಕೋಳಿಗಳು ತಿಂದಿದ್ದವು.

ಆ ತುದಿಯನ್ನು ಹಣೆಗೆ ಒತ್ತಿಕೊಂಡೆ. ಎಷ್ಟು ಹೊತ್ತು ಹಾಗಿದ್ದೆನೋ, ಸಿಸ್ಟರ್ ಬಂದು ತಲೆನೋವೇ ಎಂದು ಕೇಳಿದರು. ಆಮೇಲೆ ಒಂದು ಚೂರೂ ಬಿಡದೆ ತಿಂದೆ. ಅಂದು ಸಂಜೆ ಪ್ರಾರ್ಥನೆ ಶುರುಮಾಡಿ, ಮೊದಲ ಪದದ ಬಳಿ ಎಂದಿನಂತೆ ನಿಂತೆ. ಈ ಸಲ ಬೆನ್ನೇನೋ ಕಂಡಿತು, ಆದರೆ ಆ ಬೆನ್ನಿನ ಆಚೆ ಅವನ ಕೈಗಳು ಏನು ಮಾಡುತ್ತಿವೆ ಎಂದು ನನಗೀಗ ಗೊತ್ತಿತ್ತು. ಮೇಲಿರುವ ತಂದೆಯೂ ಹೀಗೆಯೇ ಏನಾದರೂ ತುದಿಯಲ್ಲಿ ಗೀಚಿಟ್ಟು ಕಳಿಸುತ್ತಿದ್ದನೋ ಏನೋ, ನಾನು ಮಗುಚಿ ನೋಡಿರಲಿಲ್ಲ. ಮುಂದಿನ ಪದಗಳು ತಾವಾಗಿಯೇ ಬಂದವು, ದಿನದ ಬ್ರೆಡ್ಡನ್ನು ಇಂದು ಕೊಡು ಎಂದು ಕೇಳುವ ಸಾಲಿನವರೆಗೂ.

ಮಗು ಹುಟ್ಟಿತು. ಹೆಣ್ಣು. ಊರೆಲ್ಲ ಕೇಳುವ ಹಾಗೆ ಕಿರುಚಿತು. ಅಮ್ಮನ ಹೆಸರನ್ನೇ ಇಟ್ಟು ಸಿಲ್ವಿ ಎಂದು ಕರೆದೆವು.

ದೀಕ್ಷಾಸ್ನಾನದ ಭಾನುವಾರ ಊಟ ಅಪ್ಪನ ಮನೆಯಲ್ಲಿ. ಅಪ್ಪ ತೊಟ್ಟಿಲಿನಿಂದ ದೂರ, ಮೇಜಿನ ಆ ಬದಿಗೆ ಕೂತಿದ್ದ. ಬ್ರೆಡ್ಡನ್ನು ಎದೆಗೆ ಒತ್ತಿಕೊಂಡು ಮಗುಚಿದ. ನಾನು ಎದ್ದು ಅವನ ಹೆಗಲ ಬಳಿ ಹೋಗಿ ನಿಂತು, ಚಾಕು ಎಲ್ಲಿ ಗೀಚುತ್ತದೆ ಎಂದು ನೋಡಿದೆ. ಅವನು ತಲೆ ಎತ್ತಿದ. ನನಗೆ ಗೊತ್ತಾಗಿದೆ ಎಂದು ಅವನಿಗೂ ಗೊತ್ತಾಯಿತು. ಕಿವಿಯವರೆಗೆ ಕೆಂಪಾದ, ಕದ್ದು ಸಿಕ್ಕಿಬಿದ್ದವನ ಹಾಗೆ.

"ಇವತ್ತು ಎರಡು ಹಾಕಪ್ಪಾ," ಎಂದೆ.

ಅವನು ಮೊದಲನೆಯದರ ಪಕ್ಕದಲ್ಲೇ ಇನ್ನೊಂದನ್ನು ಗೀಚಿದ. ತುದಿಯನ್ನು ಕತ್ತರಿಸಿ, ಎರಡು ಮಾಡಿ, ಒಂದನ್ನು ನನಗೆ ಕೊಟ್ಟ. ಇನ್ನೊಂದನ್ನು ಹಿಡಿದುಕೊಂಡು ತೊಟ್ಟಿಲ ತನಕ ಹೋದ, ಮಗುವಿನ ಕಾಲ ಬಳಿ ಇಟ್ಟ.

"ಹಲ್ಲಿಲ್ಲದವಳಿಗೆ ಕಡಲೆ ಕೊಟ್ಟ ಹಾಗಾಯ್ತಲ್ಲೋ," ಎಂದಳು ರೊಮಾನಿ ಅತ್ತೆ.

"ಹಲ್ಲು ಬರುತ್ತೆ," ಎಂದ ಅಪ್ಪ.

ಇಲ್ಲಿಗೆ ನನ್ನ ಆಸೆ ತೀರಬೇಕಾಗಿತ್ತು. ತೀರಲಿಲ್ಲ. ಮನುಷ್ಯರ ಹಣೆಬರಹವೇ ಹೀಗೆ. ಪ್ರೀತಿ ಇದೆ ಎಂದು ಗೊತ್ತಾದ ಮೇಲೆ ಅದು ಮುಟ್ಟಲಿ ಎಂಬ ಆಸೆ ಇನ್ನೂ ಜೋರಾಯಿತು. ಜೊತೆಗೆ ಅವನ ಮೇಲಿನ ಮರುಕ. ಮಗುವನ್ನು ಎತ್ತಿಕೊ ಎಂದರೆ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದ. ಕಮೀಲ್‌ನನ್ನು ತಾನೇ ಕಡಲಿಗೆ ಕೊಟ್ಟೆ ಎಂಬ ಭಾರವನ್ನು ಹೊತ್ತುಕೊಂಡು ಈ ಮನುಷ್ಯ ಗುಂಡಿಗೆ ಹೋಗಬೇಕೇ?

ಶರತ್ಕಾಲ ಬಂತು. ಒಂದು ದಿನ ಬೆಳಿಗ್ಗೆ ಸಿಲ್ವಿಯನ್ನು ಸೊಂಟಕ್ಕೆ ಕಟ್ಟಿಕೊಂಡು, ಅತ್ತೆಯನ್ನೂ ಎಳೆದುಕೊಂಡು ದಡಕ್ಕೆ ಹೋದೆ. ಅಪ್ಪ ಬೆರ್ತಾಳ ಹಣೆಗೆ ಲಗಾಮು ಮುಟ್ಟಿಸಿ ಹತ್ತಲು ಸಿದ್ಧನಾಗಿದ್ದ.

"ಬಗ್ಗು ಅಪ್ಪಾ," ಎಂದೆ.

"ಯಾಕೆ?"

"ಬಗ್ಗು ಅಂದ್ನಲ್ಲ."

ಬಗ್ಗಿದ. ನಾನು ಎಡಗೈ ಹೆಬ್ಬೆರಳಿಂದ ಅವನ ಹಣೆಯ ಮೇಲೆ ಶಿಲುಬೆ ಎಳೆದೆ, ನಿಧಾನವಾಗಿ, ಅವನಿಗೆ ಯಾವ ಕೈ ಎಂದು ಚೆನ್ನಾಗಿ ಗೊತ್ತಾಗುವ ಹಾಗೆ. ಮಕ್ಕಳು ಹೆತ್ತವರಿಗೆ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಎಡಗೈ ಅಂತೂ ಕೇಳಲೇಬೇಡಿ.

"ದೇವರು ಕಾಪಾಡಲಿ," ಎಂದೆ. "ಅವನಿಗೆ ಎಡ ಬಲ ಗೊತ್ತಾಗಲ್ಲ ಅಂತ ಕಮೀಲ್ ಹೇಳಿದ್ದನಲ್ಲ. ಹೋಗು, ಹೋಗಿ ಬಾ."

ಅಪ್ಪ ಲಗಾಮನ್ನು ದಿಬ್ಬದ ಕಡೆಗೆ ಎಳೆದ. ಒಂದು ಗಳಿಗೆ ಮನೆಗೆ ತಿರುಗಿಬಿಡುತ್ತಾನೆ ಎನ್ನಿಸಿತು. ನನ್ನನ್ನು ನೋಡಿದ, ಮಗುವನ್ನು ನೋಡಿದ. ಆಮೇಲೆ ಕುದುರೆ ಹತ್ತಿ ನೀರಿಗಿಳಿದ.

"ನಿನಗೆ ತಲೆ ಕೆಟ್ಟಿದೆಯೇನೇ?" ಎಂದು ಅತ್ತೆ ನನ್ನ ತೋಳು ಹಿಡಿದು ಅಲ್ಲಾಡಿಸಿದಳು. "ಏನಾದ್ರೂ ಆದ್ರೆ?"

"ಏನೂ ಆಗಲ್ಲ."

ಬಾಯಲ್ಲಿ ಹೇಳುವುದು ಸುಲಭ. ಅವನು ಇನ್ನೂ ಕಣ್ಣಿಗೆ ಕಾಣುತ್ತಿರುವಾಗಲೇ ಪಡುವಣದಿಂದ ಮಂಜು ಬಂತು. ನಮ್ಮ ಕಡಲಿನ ಮಂಜು ಹೇಳಿ ಕೇಳಿ ಬರುವುದಿಲ್ಲ. ಮೊದಲು ಬುಟ್ಟಿಗಳು ಮಾಯವಾದವು, ಆಮೇಲೆ ಹಳದಿ ಬಟ್ಟೆ, ಆಮೇಲೆ ಎಲ್ಲವೂ. ಮಂಜಿನೊಳಗೆ ಸಿಕ್ಕ ಕುದುರೆಗೆ ದಡ ಯಾವ ಕಡೆ ಎಂದು ತಿಳಿಯುವುದಿಲ್ಲ. ಏರುವ ನೀರಿಗೆ ಮುಖಮಾಡಿ ಹೋದವರನ್ನು ನಮ್ಮೂರು ಕಂಡಿದೆ. ದಡ ಎತ್ತ ಎಂದು ಊದಿ ತಿಳಿಸುವ ಕೊಂಬು ತರಲು ಅತ್ತೆ ಊರ ಕಡೆ ಓಡಿದಳು.

ನಾನು ಮಗುವಿನೊಂದಿಗೆ ಒಬ್ಬಳೇ ನಿಂತಿದ್ದೆ. ನನ್ನ ಎಡಗೈಯನ್ನು ನೋಡಿಕೊಂಡೆ. ಅಪ್ಪ ಅಷ್ಟು ವರ್ಷ ಹೊತ್ತ ಭಾರ ಏನೆಂದು ಆ ಹೊತ್ತಿನಲ್ಲಿ ನನ್ನ ಮೈಗೇ ತಿಳಿಯಿತು. ಈ ಕೈಯಿಂದ ಅವನನ್ನು ನಾನೇ ಕಳಿಸಿದೆ. ಆ ಕೈಯನ್ನು ಕಡಿದು ಬಿಸಾಡಬೇಕೆನ್ನಿಸಿತು. ತಂದೆಯೇ ಎಂದೆ. ಆ ಪದದ ಮುಂದೆ ಏನೂ ತೋಚಲಿಲ್ಲ. ಈ ಕೈಯನ್ನಲ್ಲ, ನಿನ್ನನ್ನು ನಂಬಿ ಕಳಿಸಿದ್ದು ಎಂದೆ. ಕಮೀಲ್‌ನನ್ನೂ ಅಪ್ಪ ನಿನ್ನನ್ನೇ ನಂಬಿ ಕಳಿಸಿದ್ದು. ಅವನು ಯಾಕೆ ಬರಲಿಲ್ಲ ಎಂದು ನನಗೆ ಗೊತ್ತಿಲ್ಲ, ಆದರೆ ಅವನೂ ನಿನ್ನ ಹತ್ತಿರವೇ ಇದ್ದಾನೆ ಎಂದು ನಂಬುತ್ತೇನೆ. ಇವನನ್ನು ಮಾತ್ರ ನನಗೆ ವಾಪಸು ಕೊಡು ಎಂದು ಗಟ್ಟಿಯಾಗಿ ಕೇಳಿದೆ. ಸಿಲ್ವಿ ನನ್ನ ದನಿಗೆ ಬೆಚ್ಚಿ ಕಿರುಚಲು ಶುರುಮಾಡಿದಳು. ಆಸ್ಪತ್ರೆಯಲ್ಲಿ ಹುಟ್ಟಿದಾಗ ಕಿರುಚಿದ ಹಾಗೇ. ನಾನು ಅವಳನ್ನು ಸುಮ್ಮನಾಗಿಸಲಿಲ್ಲ. ಕೊಂಬಿಗಿಂತ ಅವಳ ಗಂಟಲೇ ದೊಡ್ಡದಿತ್ತು.

ಬಹಳ ಹೊತ್ತಿನ ಮೇಲೆ ನೀರು ಕಲಕುವ ಸದ್ದು ಕೇಳಿಸಿತು. ಆಮೇಲೆ ಬೆರ್ತಾಳ ಸೀನು. ಮಂಜಿನಿಂದ ಮೊದಲು ಕುದುರೆಯ ಮುಖ ಬಂತು, ಅದರ ಮೇಲೆ ಅಪ್ಪನ ಮುಖ. ನಮ್ಮ ಕಡೆಗೇ ಬರುತ್ತಿದ್ದ ಮುಖ.

ಅಪ್ಪ ಇಳಿದ. ಮೈಯಿಂದ ನೀರು ಸುರಿಯುತ್ತಿತ್ತು.

"ಮಗು ಅಳೋದು ಕೇಳಿಸ್ತು," ಎಂದ. "ಆ ಕಡೆಗೆ ಬಂದೆ."

ಅವನು ನಮ್ಮ ಮುಂದೆ ನಿಂತೇ ಇದ್ದ, ಮುಂದೇನು ಎಂದು ತಿಳಿಯದವನ ಹಾಗೆ. ಬಲಗೈಯಲ್ಲಿ ಲಗಾಮು ಇತ್ತು. ಬೆರ್ತಾ ಬೆದರಿದ್ದಳು, ಬಿಡುವ ಹಾಗಿರಲಿಲ್ಲ. ಅವನು ಎಡಗೈ ಎತ್ತಿ ಅದನ್ನೊಮ್ಮೆ ನೋಡಿಕೊಂಡ. ಮೊದಲು ಸಿಲ್ವಿಯ ಹಣೆಗೆ, ಮುಟ್ಟಿಯೂ ಮುಟ್ಟದ ಹಾಗೆ. ಆಮೇಲೆ ನನಗೆ. ಆ ಹೆಬ್ಬೆರಳು ತಣ್ಣಗಿತ್ತು, ಉಪ್ಪುಪ್ಪಾಗಿತ್ತು, ನನಗೆ ನೆನಪಿದ್ದದ್ದಕ್ಕಿಂತಲೂ ಒರಟಾಗಿತ್ತು. ಹಣೆ ಉರಿಯಿತು.

"ದೇವರು ಕಾಪಾಡಲಿ," ಎಂದ ಅಪ್ಪ. ಅಳುತ್ತಿದ್ದ.

ಅಷ್ಟರಲ್ಲಿ ಅತ್ತೆ ಕೊಂಬು ಹಿಡಿದು ಏದುಸಿರು ಬಿಡುತ್ತ ಬಂದಳು. ಬಂದವಳು ನಮ್ಮನ್ನು ಕಂಡು, ಬಾಯಿ ತೆರೆದು, ಅವಳ ಬದುಕಿನಲ್ಲಿ ಎರಡನೇ ಸಲ ಸುಮ್ಮನಾದಳು. ಮನೆಗೆ ಹೋಗಿ ಸೀಗಡಿ ಬೇಯಿಸಿದೆವು. ಆ ದಿನ ನಾನು ಮುಖ ತೊಳೆಯಲಿಲ್ಲ.